ನಿಮ್ಮ ಬೀದಿಗೂ ಒಂದು ತುರ್ತು ಯೋಜನೆ ಇರಲಿ: ದಾವಣಗೆರೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಮಳೆಗಾಲ ಹತ್ತಿರ ಬಂದರೆ ಸಾಕು, ಓದುಗರಿಂದ ಅವೇ ಮೂರು ಪ್ರಶ್ನೆಗಳು ಬರುತ್ತವೆ. ಬೀದಿಗೆ ನೀರು ನುಗ್ಗಿದರೆ ಯಾರಿಗೆ ಫೋನ್ ಮಾಡಬೇಕು? ಸರ್ಕಾರದ ಹತ್ತಿರ ಏನಾದರೂ ಪ್ಲಾನ್ ಇದೆಯಾ? ನಮ್ಮ ಕೈಯಲ್ಲಿ ಆಗುವಂಥದ್ದು ಏನಾದರೂ ಇದೆಯಾ? ಮೂರಕ್ಕೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಪ್ಲಾನ್ ಇದೆ. ಕಾನೂನಿನ ಪ್ರಕಾರ ಇರಲೇಬೇಕು. ಆದರೆ ಅದನ್ನು ಮಾಡಿರುವುದು ಇಡೀ ಜಿಲ್ಲೆಗೆ. ನಿಮ್ಮ ಬೀದಿಯ ಮೂರನೇ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ ಅಂತ ಅದರಲ್ಲಿ ಬರೆದಿರುವುದಿಲ್ಲ, ಬರೆಯೋಕೂ ಆಗಲ್ಲ. ಸಹಾಯದ ಗಾಡಿ ಬರುವ ತನಕದ ಮೊದಲ ಒಂದು ಗಂಟೆಯನ್ನು ಬೀದಿಯವರೇ ನಿಭಾಯಿಸಬೇಕು. ಆ ಒಂದು ಗಂಟೆಗೆ ಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಹೇಗೆ ಬರೆದಿಡುವುದು, ಅದನ್ನು ದೊಡ್ಡ ಯೋಜನೆಗೆ ಹೇಗೆ ಜೋಡಿಸುವುದು ಅನ್ನುವುದೇ ಈ ಲೇಖನದ ವಿಷಯ.

ಬೇಕಾಗಿರುವುದು ಒಂದು ಡ್ರಾಯಿಂಗ್ ಶೀಟು, ಪೆನ್ಸಿಲ್ಲು, ಅಳತೆ ಟೇಪು, ನಾಲ್ಕು ಜನ ಮತ್ತು ಎರಡು ಭಾನುವಾರ. ಇಪ್ಪತ್ತೈದು ಮೂವತ್ತು ಮನೆಗಿಂತ ದೊಡ್ಡ ಪ್ರದೇಶಕ್ಕೆ ಕೈ ಹಾಕಬೇಡಿ. ಇಡೀ ಬಡಾವಣೆಗೆ ಒಂದೇ ಸಲ ಮಾಡುತ್ತೇವೆ ಅಂತ ಹೊರಟವರು ಸಾಮಾನ್ಯವಾಗಿ ಮೊದಲ ಸಭೆಯಲ್ಲೇ ನಿಲ್ಲುತ್ತಾರೆ.

1. ಮೊದಲು ದೊಡ್ಡ ಯೋಜನೆಯನ್ನು ಓದಿ

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರ ಇರುತ್ತದೆ. ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಈ ಪ್ರಾಧಿಕಾರ ಜಿಲ್ಲೆಗೆ ಒಂದು ಯೋಜನೆ ಮಾಡಬೇಕು, ಪ್ರತಿ ವರ್ಷ ಅದನ್ನು ತಿದ್ದಬೇಕು. ಎಲ್ಲೆಲ್ಲಿ ಅಪಾಯ ಜಾಸ್ತಿ, ಯಾವ ಇಲಾಖೆ ಏನು ಮಾಡಬೇಕು, ಜನರನ್ನು ಎಲ್ಲಿಗೆ ಸಾಗಿಸಬೇಕು, ದೋಣಿ, ಪಂಪು, ಜೆಸಿಬಿ ಯಾರ ಹತ್ತಿರ ಇವೆ ಅನ್ನುವುದೆಲ್ಲ ಅದರಲ್ಲಿ ಬರುತ್ತದೆ. ಚರಂಡಿ ಹೂಳು ತೆಗೆಸುವುದು, ಒಣಗಿದ ಕೊಂಬೆ ಕಡಿಸುವುದು ಮುಂತಾದ ಮಳೆಗಾಲದ ತಯಾರಿ ಮಹಾನಗರ ಪಾಲಿಕೆಯ ಕೆಲಸ. 2025ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಆಗಿದೆ. ಪಾಲಿಕೆ ಇರುವ ನಗರಗಳಿಗೆ ಪ್ರತ್ಯೇಕವಾಗಿ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಲು ರಾಜ್ಯ ಸರ್ಕಾರಕ್ಕೆ ಈಗ ಅವಕಾಶವಿದೆ. ಅದಕ್ಕೆ ಪಾಲಿಕೆ ಆಯುಕ್ತರು ಅಧ್ಯಕ್ಷರಾಗುತ್ತಾರೆ.

ಯೋಜನೆಯ ಪ್ರತಿಯನ್ನು ಜಿಲ್ಲೆಯ ಜಾಲತಾಣದಲ್ಲಿ ಹುಡುಕಿ. ಸಿಗದಿದ್ದರೆ ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ವಿಭಾಗದಲ್ಲಿ ಕೇಳಿ. ಅಲ್ಲೂ ಸಿಗದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು. ಚರಂಡಿ, ಬೀದಿದೀಪ, ಪ್ಲಾನ್ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ವಾಪಸ್ ಬರುತ್ತದೆ.

ಪ್ರತಿ ಸಿಕ್ಕಿತು ಅಂದುಕೊಳ್ಳಿ. ನೂರಾರು ಪುಟ ಇರುತ್ತದೆ, ಹೆದರಬೇಡಿ. ಮೂರು ವಿಷಯ ಹುಡುಕಿ: ತಗ್ಗು ಪ್ರದೇಶಗಳ ಪಟ್ಟಿಯಲ್ಲಿ ನಿಮ್ಮ ಏರಿಯಾ ಇದೆಯಾ, ನಿಮ್ಮ ವಾರ್ಡಿನ ನೋಡಲ್ ಅಧಿಕಾರಿ ಯಾರು, ನಿಮಗೆ ಹತ್ತಿರದ ಕಾಳಜಿ ಕೇಂದ್ರ ಯಾವುದು. ನೋಡಲ್ ಅಧಿಕಾರಿ ಅಂದರೆ ಎಲ್ಲ ಇಲಾಖೆಗಳ ಕೆಲಸ ಜೋಡಿಸಿ ಮಾಡಿಸುವ ಜವಾಬ್ದಾರಿ ಹೊತ್ತವರು. ಕಾಳಜಿ ಕೇಂದ್ರ ಅಂದರೆ ಮನೆ ಬಿಟ್ಟು ಬಂದವರಿಗೆ ಊಟ, ವಸತಿ ಕೊಡುವ ಜಾಗ. ಹಿಂದೆ ಗಂಜಿ ಕೇಂದ್ರ ಅನ್ನುತ್ತಿದ್ದೆವಲ್ಲ, ಅದೇ.

2. ಯಾವ ತಿಂಗಳಲ್ಲಿ ಯಾವ ಅಪಾಯ ಅಂತ ಬರೆದುಕೊಳ್ಳಿ

ದಾವಣಗೆರೆಯಲ್ಲಿ ನೀರಿನ ಅಪಾಯ ಎರಡು ಥರ. ಎರಡಕ್ಕೂ ಬೇರೆ ಬೇರೆ ಕಾಲ. ಇದನ್ನು ತಿಳಿಯದೆ ಮಾಡಿದ ತಯಾರಿ ತಪ್ಪಾದ ತಿಂಗಳಿಗೆ ತಯಾರಿ ಮಾಡಿದ ಹಾಗಾಗುತ್ತದೆ.

ಒಂದು, ಹೊಳೆಯ ನೀರು. ಜುಲೈ, ಆಗಸ್ಟ್‌ನಲ್ಲಿ ನಮ್ಮೂರಲ್ಲಿ ಬರೀ ತುಂತುರು ಇರುತ್ತದೆ, ಕೆಲವೊಮ್ಮೆ ಬಿಸಿಲೇ ಇರುತ್ತದೆ. ಆದರೆ ಹರಿಹರದಲ್ಲಿ ತುಂಗಭದ್ರೆ ದಡ ಮೀರಿ ಹರಿಯುತ್ತಿರುತ್ತಾಳೆ. ಮಳೆ ಬಿದ್ದಿರುವುದು ಮಲೆನಾಡಿನಲ್ಲಿ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು, ಬೇಗ ತುಂಬುತ್ತದೆ. ಆಮೇಲೆ ಬಂದಷ್ಟೂ ನೀರನ್ನು ಹೊಳೆಗೆ ಬಿಡಲೇಬೇಕು. ಭದ್ರಾ ದೊಡ್ಡದು, ಸುಮಾರು 71.5 ಟಿಎಂಸಿ ಹಿಡಿಯುತ್ತದೆ. ಅದರ ಪೂರ್ಣ ಮಟ್ಟ 186 ಅಡಿ. ಅದು ತುಂಬುವ ತನಕ ಸ್ವಲ್ಪ ನೆಮ್ಮದಿ. ಅದೂ ತುಂಬಿ ಗೇಟು ಎತ್ತಿದರೆ ಎರಡೂ ನೀರು ಕೂಡಲಿಯಲ್ಲಿ ಸೇರಿ ಹೊನ್ನಾಳಿ, ಹರಿಹರದ ಕಡೆ ಬರುತ್ತದೆ. ಹೊನ್ನಾಳಿಯ ಬಾಲರಾಜ್ ಘಾಟ್, ಹರಿಹರದ ಗಂಗಾನಗರ, ಉಕ್ಕಡಗಾತ್ರಿಯವರಿಗೆ ಇದು ಚೆನ್ನಾಗಿ ಗೊತ್ತು. 2019ರ ಆಗಸ್ಟ್ ಅನ್ನು ಅವರು ಮರೆತಿಲ್ಲ. ಆದ್ದರಿಂದ ಜುಲೈನಲ್ಲಿ ಆಕಾಶ ನೋಡಬೇಡಿ, ಪೇಪರಿನಲ್ಲಿ ಬರುವ ಜಲಾಶಯದ ಮಟ್ಟ ನೋಡಿ. ಅಲ್ಲಿ ಬರುವ ಎರಡು ಪದ: ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್.

"ನಾವು ಹೊಳೆಯಿಂದ ದೂರ ಇದ್ದೀವಲ್ಲ" ಅನ್ನಬೇಡಿ. ನಗರದ ನಲ್ಲಿಗೆ ಬರುವುದು ಅದೇ ಹೊಳೆಯ ನೀರು. ನೀರಿನಲ್ಲಿ ಕೆಸರು ಹೆಚ್ಚಿದರೆ ಅಥವಾ ಹೊಳೆಯಿಂದ ನೀರೆತ್ತುವ ಬಾವಿಯಾದ ಜಾಕ್‌ವೆಲ್‌ಗೆ ತೊಂದರೆಯಾದರೆ ಪಂಪಿಂಗ್ ನಿಲ್ಲುತ್ತದೆ. ಹೊಳೆ ತುಂಬಿದಾಗಲೇ ಮನೆಯಲ್ಲಿ ಕುಡಿಯುವ ನೀರಿಗೆ ಪರದಾಡುವ ಪರಿಸ್ಥಿತಿ ಬರಬಹುದು.

ಎರಡು, ನಮ್ಮ ತಲೆ ಮೇಲೇ ಬೀಳುವ ಮಳೆ. ಇದು ಮೇ ತಿಂಗಳ ಗುಡುಗು ಮಳೆ, ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನ ಸಂಜೆ ಮಳೆ. ಒಂದೆರಡು ಗಂಟೆಯಲ್ಲಿ ಸುರಿದು ಮುಗಿಯುತ್ತದೆ. ಒಂದು ಲೆಕ್ಕ ನೋಡಿ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. 50 ಮಿಲಿಮೀಟರ್ ಮಳೆ ಬಂದರೆ 30-40 ಸೈಟಿನ ಒಂದು ಮನೆ ಮೇಲೆ ಸುಮಾರು 5,500 ಲೀಟರ್ ಬೀಳುತ್ತದೆ. ಹೆಚ್ಚು ಕಡಿಮೆ ಒಂದು ಟ್ಯಾಂಕರ್. ನಿಮ್ಮ ಬೀದಿಯಲ್ಲಿ ಮೂವತ್ತು ಮನೆ ಇದ್ದರೆ ಮೂವತ್ತು ಟ್ಯಾಂಕರ್ ನೀರನ್ನು ಒಟ್ಟಿಗೇ ಬೀದಿಗೆ ಸುರಿದ ಹಾಗೆ. ಅಂಗಳಕ್ಕೆಲ್ಲ ಸಿಮೆಂಟು ಹಾಕಿದ್ದೇವೆ, ಇಂಗೋಕೆ ಮಣ್ಣೇ ಇಲ್ಲ. ಅಷ್ಟೂ ನೀರು ಒಂದೂವರೆ ಅಡಿ ಚರಂಡಿಯಲ್ಲೇ ಹೋಗಬೇಕು.

ಉಳಿದವನ್ನು ಬೇಗ ಹೇಳುತ್ತೇನೆ. ಮಾರ್ಚ್‌ನಿಂದ ಮೇ ತನಕ ಬಿಸಿಲಿನ ಝಳ ಮತ್ತು ಬೆಂಕಿ. ಏಪ್ರಿಲ್, ಮೇಯಲ್ಲಿ ಸಿಡಿಲು. ಮಳೆ ಕೈ ಕೊಟ್ಟ ವರ್ಷ ಬರ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿತ್ತು. ಬೈಪಾಸ್ ಪಕ್ಕದವರಾದರೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡಾಡುವ ಗ್ಯಾಸ್ ಮತ್ತು ಕೆಮಿಕಲ್ ಟ್ಯಾಂಕರ್‌ಗಳನ್ನೂ ಪಟ್ಟಿಗೆ ಸೇರಿಸಿ. ಟ್ಯಾಂಕರ್ ಉರುಳಿದರೆ ನೋಡಲು ಹೋಗಬೇಡಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ, ಟ್ಯಾಂಕರಿನಿಂದ ದೂರ ಹೋಗಿ. ಬೆಂಕಿಪೊಟ್ಟಣ, ಬೈಕಿನ ಸೆಲ್ಫ್ ಯಾವುದನ್ನೂ ಮುಟ್ಟಬೇಡಿ.

3. ಬೀದಿಯ ನಕ್ಷೆ ಬರೆಯಿರಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಸಮಯ ಕೊಡಿ.

ಮಳೆ ನಿಂತು ಹತ್ತು ನಿಮಿಷಕ್ಕೆ ಸುಣ್ಣದ ತುಂಡು ಹಿಡಿದು ಬೀದಿಗೆ ಇಳಿಯಿರಿ. ಯಾವ ಕಾಂಪೌಂಡಿಗೆ ಎಷ್ಟು ಎತ್ತರ ನೀರು ಬಂದಿದೆ ಅಂತ ಗೋಡೆ ಮೇಲೇ ಗೆರೆ ಎಳೆಯಿರಿ. ಆಮೇಲೆ ಟೇಪಿನಲ್ಲಿ ಅಳೆದು ಹಾಳೆಗೆ ಹಾಕಿ. ನೀರು ಯಾವ ಕಡೆಯಿಂದ ಬರುತ್ತದೆ, ಯಾವ ಮೋರಿಯಲ್ಲಿ ಸೇರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಬಾಣದ ಗುರುತು ಹಾಕಿ. ಚರಂಡಿಯ ಚಪ್ಪಡಿ ಮುರಿದ ಕಡೆ ಕೆಂಪು ಗುರುತು ಬೇಕೇ ಬೇಕು. ನೀರು ನಿಂತಾಗ ಆ ಗುಂಡಿ ಕಣ್ಣಿಗೆ ಕಾಣುವುದಿಲ್ಲ, ಕಾಲಿಗೇ ಸಿಗುವುದು.

ಹಳೇ ಮನೆಗಳ ಹೊಸಿಲನ್ನು ಗಮನಿಸಿ. ಪ್ರತಿ ಸಲ ರಸ್ತೆ ಮೇಲೆ ರಸ್ತೆ ಹಾಕಿ ಹಾಕಿ, ಒಂದು ಕಾಲದಲ್ಲಿ ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಹಳೇಪೇಟೆ ಕಡೆಯ ಬೀದಿಗಳಲ್ಲಿ ಸುಮ್ನೆ ಒಂದು ಸುತ್ತು ಹಾಕಿದರೆ ಸಾಕು, ಗೊತ್ತಾಗುತ್ತದೆ. ಅಂಥ ಮನೆಗಳೇ ಮೊದಲು ಮುಳುಗುವುದು. ನಕ್ಷೆಯಲ್ಲಿ ಅವಕ್ಕೆ ಬೇರೆ ಬಣ್ಣ ಕೊಡಿ.

ಆಮೇಲೆ ಟಿಸಿ. ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್. ಅದರ ಮೇಲೆ ಅಥವಾ ಕಂಬದ ಮೇಲೆ ಬರೆದಿರುವ ನಂಬರನ್ನು ಹಾಗೇ ಬರೆದುಕೊಳ್ಳಿ. ರಾತ್ರಿ ಕರೆಂಟು ಕಂಪನಿ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ "ದೇವಸ್ಥಾನದ ಹತ್ತಿರ ತಂತಿ ಬಿದ್ದಿದೆ" ಅಂದರೆ ಯಾವ ದೇವಸ್ಥಾನ ಅಂತ ಹುಡುಕಬೇಕು. ನಂಬರ್ ಹೇಳಿದರೆ ಲೈನ್ ಬೇಗ ಆಫ್ ಆಗುತ್ತದೆ. ಬಿದ್ದ ತಂತಿಯಿಂದ ಕನಿಷ್ಠ ಮೂವತ್ತು ಅಡಿ ದೂರ ಇರಿ. ಹತ್ತಿರ ಸಿಕ್ಕಿಕೊಂಡಿದ್ದರೆ ದೊಡ್ಡ ಹೆಜ್ಜೆ ಇಡಬೇಡಿ, ಎರಡೂ ಪಾದ ಜೋಡಿಸಿ ನೆಲಕ್ಕೆ ಉಜ್ಜಿಕೊಂಡೇ ಸರಿಯಿರಿ.

ಇನ್ನೊಂದು ಅಳತೆ ಅಗ್ನಿಶಾಮಕ ಗಾಡಿಯದು. ಅದರ ಅಗಲವೇ ಸುಮಾರು ಎಂಟು ಅಡಿ. ಸಿಬ್ಬಂದಿ ಇಳಿದು ಪೈಪು ಎಳೆಯಲು ಪಕ್ಕದಲ್ಲೂ ಜಾಗ ಬೇಕು. ಹನ್ನೆರಡು ಅಡಿ ಖಾಲಿ ಇರಬೇಕು ಅಂತ ಇಟ್ಟುಕೊಳ್ಳಿ. ರಾತ್ರಿ ಹತ್ತು ಗಂಟೆಗೆ, ಬೈಕು, ಕಾರು ಎಲ್ಲ ನಿಂತ ಮೇಲೆ ಅಳೆಯಿರಿ. ಹಗಲು ಅಳೆದರೆ ಉಪಯೋಗವಿಲ್ಲ. ಮಂಡಕ್ಕಿ ಭಟ್ಟಿಗಳ ಸುತ್ತ ಇರುವವರು, ಮಂಡಿಪೇಟೆಯ ಗೋಡೌನುಗಳ ಹಿಂದೆ ಇರುವವರು ಇದನ್ನು ದಯವಿಟ್ಟು ಮುಂದೂಡಬೇಡಿ. ಗಾಡಿ ಒಳಗೆ ಬರಲ್ಲ ಅಂತಾದರೆ ಎಲ್ಲಿ ತನಕ ಬರುತ್ತದೆ, ಅಲ್ಲಿಂದ ಪೈಪು ಎಷ್ಟು ದೂರ ಎಳೆಯಬೇಕು, ಹತ್ತಿರದ ದೊಡ್ಡ ಸಂಪು ಯಾರ ಮನೆಯಲ್ಲಿದೆ ಅಂತ ಬರೆದಿಡಿ.

4. ಯಾರನ್ನು ಮೊದಲು ಎತ್ತಿಕೊಂಡು ಹೋಗಬೇಕು?

ಮನೆ ಮನೆಗೆ ಹೋಗಿ ಕೇಳುವ ಮೊದಲು ನಿಮ್ಮ ಏರಿಯಾದ ಆಶಾ ಕಾರ್ಯಕರ್ತೆಯನ್ನೂ ಅಂಗನವಾಡಿ ಟೀಚರನ್ನೂ ಮಾತನಾಡಿಸಿ. ಯಾರು ತುಂಬು ಗರ್ಭಿಣಿ, ಯಾರಿಗೆ ಡಯಾಲಿಸಿಸ್, ಯಾವ ಮನೆಯಲ್ಲಿ ಒಂಟಿ ಅಜ್ಜ ಇದ್ದಾರೆ ಅನ್ನುವುದು ಅವರಿಗೆ ಬಾಯಿಪಾಠ. ಹಾಳೆಯಲ್ಲಿ ಕಾಯಿಲೆಯ ಹೆಸರು ಬರೆಯಬೇಡಿ. "ಇಬ್ಬರು ಬೇಕು", "ಕುರ್ಚಿ ಬೇಕು" ಅಂತಷ್ಟೇ ಬರೆಯಿರಿ. ಕಾಯಿಲೆ ವಿಷಯ ಬೀದಿಗೆಲ್ಲ ಗೊತ್ತಾಗುವುದು ಯಾರಿಗೂ ಇಷ್ಟವಾಗಲ್ಲ, ಅಲ್ವಾ?

ಪ್ರತಿ ಹೆಸರಿನ ಮುಂದೆ ಇಬ್ಬರು ಹೊಣೆಗಾರರ ಹೆಸರು ಇರಲಿ. ಒಬ್ಬರು ಸಾಲದು, ಆ ದಿನ ಅವರು ಊರಲ್ಲಿ ಇಲ್ಲದೆ ಇರಬಹುದು. ಹಗಲು ಹೊತ್ತಿಗೆ ಮನೆಯಲ್ಲಿರುವವರನ್ನೇ ಆರಿಸಿ. ಕೆಲಸಕ್ಕೆ ಹೋಗುವ ಗಂಡಸರ ಹೆಸರನ್ನೇ ತುಂಬಿದ ಪಟ್ಟಿ ಮಧ್ಯಾಹ್ನ ಮೂರು ಗಂಟೆಗೆ ಯಾವ ಕೆಲಸಕ್ಕೂ ಬಾರದು. ಬಾಡಿಗೆಯವರನ್ನೂ, ಕಟ್ಟುತ್ತಿರುವ ಮನೆಯ ಶೆಡ್ಡಿನಲ್ಲಿ ಇರುವ ಕೂಲಿಯವರನ್ನೂ ಬಿಡಬೇಡಿ. ಶೆಡ್ಡುಗಳೇ ಎಲ್ಲಕ್ಕಿಂತ ತಗ್ಗಿನಲ್ಲಿರುತ್ತವೆ.

5. ಜಾಗ ಗೊತ್ತು ಮಾಡಿ, ಬೀಗದ ಕೈ ಎಲ್ಲಿದೆ ಅಂತ ತಿಳಿದುಕೊಳ್ಳಿ

ಒಂದೇ ಒಂದು ಅನುಭವ ಹೇಳುತ್ತೇನೆ. ಒಂದು ಅಕ್ಟೋಬರ್ ರಾತ್ರಿ ನಮ್ಮ ಬೀದಿಯ ಆರು ಮನೆಗೆ ನೀರು ನುಗ್ಗಿತು. ಮಕ್ಕಳನ್ನು ಎತ್ತಿಕೊಂಡು ಹತ್ತಿರದ ಶಾಲೆಗೆ ಹೋದೆವು. ಗೇಟಿಗೆ ಬೀಗ. "ಕೀ ಯಾರತ್ರ ಐತಿ?" ಅಂದರೆ ಪಕ್ಕದವರು, "ಮೇಷ್ಟ್ರತ್ರ ಐತ್ರಿ, ಅವ್ರು ಊರಿಗೆ ಹೋಗ್ಯಾರ್ರಿ" ಅಂದರು. ನೆನೆದ ಮಕ್ಕಳ ಜೊತೆ ಒಂದು ಅಂಗಡಿಯ ಶೀಟಿನ ಕೆಳಗೆ ಎರಡು ಗಂಟೆ ನಿಂತೆವು. ಕಟ್ಟಡ ಕಣ್ಣ ಮುಂದೆಯೇ ಇತ್ತು.

ಹಾಗಾಗಿ ಶಾಲೆ, ಸಮುದಾಯ ಭವನ, ಕಲ್ಯಾಣ ಮಂಟಪ ಏನೇ ಆರಿಸಿದರೂ ಕೀ ಇರುವ ಇಬ್ಬರ ಹೆಸರು, ಮನೆ, ಫೋನ್ ನಂಬರ್ ಬರೆಯಿರಿ. ಜಾಗವನ್ನು ಒಂದು ಸಲ ಒಳಗೆ ಹೋಗಿ ನೋಡಿ. ಶೌಚಾಲಯಕ್ಕೆ ನೀರು ಬರುತ್ತದಾ? ವಯಸ್ಸಾದವರು ಹತ್ತಬಹುದಾ? ಮುಖ್ಯವಾಗಿ, ಅಲ್ಲಿಗೆ ಹೋಗುವ ದಾರಿಯಲ್ಲೇ ನೀರು ನಿಲ್ಲುತ್ತದಾ? ರೈಲ್ವೆ ಹಳಿಯ ಆಚೆಗಿನ ಜಾಗ ಆರಿಸಬೇಡಿ. ಜೋರು ಮಳೆಯಲ್ಲಿ ಮೊದಲು ತುಂಬುವುದೇ ಕೆಳಸೇತುವೆ. ಎರಡು ಅಡಿ ನೀರು ಕಾರನ್ನೂ ತೇಲಿಸುತ್ತದೆ. "ಮುಂದಿನ ಗಾಡಿ ಹೋಯ್ತಲ್ಲ" ಅಂತ ನುಗ್ಗಬೇಡಿ.

6. ಎಚ್ಚರಿಕೆ ಯಾರಿಂದ, ಹೇಗೆ ಬರುತ್ತದೆ

ಹವಾಮಾನ ಇಲಾಖೆ ಬಣ್ಣದಲ್ಲಿ ಎಚ್ಚರಿಕೆ ಕೊಡುತ್ತದೆ. ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ತಯಾರಾಗಿ, ಕೆಂಪು ಅಂದರೆ ಕೂಡಲೇ ಹೆಜ್ಜೆ ಇಡಿ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ ಮಳೆ ಅಂತ ಲೆಕ್ಕ. ಆದರೆ ಬಣ್ಣ ಕೊಡುವುದು ಇಡೀ ಜಿಲ್ಲೆಗೆ. ಜಗಳೂರಿನಲ್ಲಿ ಒಣ, ಚನ್ನಗಿರಿಯಲ್ಲಿ ಧಾರಾಕಾರ ಇರಬಹುದು. ನಿಮ್ಮ ಊರಿನ ಲೆಕ್ಕ ಬೇಕಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆ: 92454 04040. ಹಗಲು ರಾತ್ರಿ ಕನ್ನಡದಲ್ಲೇ ಹೇಳುತ್ತಾರೆ. ಸಿಡಿಲಿಗೆ ದಾಮಿನಿ ಅನ್ನುವ ಆ್ಯಪ್ ಹಾಕಿಕೊಳ್ಳಿ. ಆ್ಯಪ್ ಇಲ್ಲದವರಿಗೆ ಒಂದು ಲೆಕ್ಕ: ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಒಳಗೆ ಹೋಗಿ, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಹೊರಗೆ ಬರಬೇಡಿ.

ವಾಟ್ಸಾಪಿನಲ್ಲಿ ಬರುವ "ಡ್ಯಾಮ್ ಒಡೀತಂತೆ" ಥರದ ಸಂದೇಶವನ್ನು ಯಾರೂ ಮುಂದೆ ಕಳಿಸಬಾರದು. ಬೀದಿಯ ಗುಂಪಿನಲ್ಲಿ ಎಚ್ಚರಿಕೆ ಹಾಕುವ ಹಕ್ಕು ಇಬ್ಬರಿಗಷ್ಟೇ ಇರಲಿ. ಅವರು ಕಂಟ್ರೋಲ್ ರೂಮಿಗೆ ಕೇಳಿ ಖಾತ್ರಿ ಮಾಡಿಕೊಂಡೇ ಹಾಕಲಿ. ಮೊಬೈಲ್ ನೆಟ್‌ವರ್ಕ್ ಹೋದರೆ ಏನು ಮಾಡುತ್ತೀರಿ ಅನ್ನುವುದನ್ನೂ ಈಗಲೇ ಮಾತಾಡಿಕೊಳ್ಳಿ. ದೇವಸ್ಥಾನದ ಗಂಟೆಯೋ ಮಸೀದಿಯ ಮೈಕೋ, ಬೀದಿಯವರೆಲ್ಲ ಒಪ್ಪಿದ ಒಂದು ಸದ್ದು ಇರಲಿ.

7. ನಂಬರ್‌ಗಳು

ಯಾವುದೇ ತುರ್ತಿಗೆ 112. ಆಂಬ್ಯುಲೆನ್ಸ್ 108, ಅಗ್ನಿಶಾಮಕ 101, ಬೆಸ್ಕಾಂ 1912, ಗ್ಯಾಸ್ ಸೋರಿಕೆ 1906. ಜಿಲ್ಲಾ ವಿಪತ್ತು ಕಂಟ್ರೋಲ್ ರೂಮ್ 1077. ಈ ಕೊನೆಯದರಲ್ಲಿ ಒಂದು ತೊಡಕಿದೆ. ಪ್ರತಿ ಜಿಲ್ಲೆಗೂ ಇದೇ ನಂಬರ್. ಬೆಂಗಳೂರಿನಲ್ಲಿರುವ ಮಗ ಅಮ್ಮನಿಗೋಸ್ಕರ 1077 ಒತ್ತಿದರೆ ಕರೆ ಅವನಿರುವ ಜಿಲ್ಲೆಗೆ ಹೋಗಬಹುದು. ಆದ್ದರಿಂದ 08192ರಿಂದ ಶುರುವಾಗುವ ದಾವಣಗೆರೆ ಕಂಟ್ರೋಲ್ ರೂಮಿನ ಪೂರ್ತಿ ನಂಬರನ್ನೂ, ಪಾಲಿಕೆಯ ಸಹಾಯವಾಣಿಯನ್ನೂ ತೆಗೆದುಕೊಂಡು ಹೊರ ಊರಿನ ಮಕ್ಕಳಿಗೂ ಕಳಿಸಿ. ಬರೆದ ಪ್ರತಿ ನಂಬರಿಗೂ ಒಮ್ಮೆ ಕರೆ ಮಾಡಿ ನೋಡಿ (112, 108, 101 ಬಿಟ್ಟು, ಅವನ್ನು ಸುಮ್ನೆ ಒತ್ತಬೇಡಿ).

8. ಮನೆಯೊಳಗಿನ ತಯಾರಿ

ಒಂದು ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಮನೆ ಪತ್ರದ ಜೆರಾಕ್ಸು. ಒಂದು ವಾರದ ಮಾತ್ರೆ. ಟಾರ್ಚು, ಪವರ್ ಬ್ಯಾಂಕು. ಕುಡಿಯಲು ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಮೂರು ದಿನದ ನೀರು. ಮಂಡಕ್ಕಿ, ಅವಲಕ್ಕಿ, ಹುರಿಗಡಲೆ ನಮ್ಮೂರಲ್ಲಿ ಯಾವಾಗಲೂ ಸಿಗುತ್ತದೆ, ಬೇಯಿಸುವ ಗೋಜಿಲ್ಲ. ಮೇನ್ ಸ್ವಿಚ್ ಎಲ್ಲಿದೆ, ಹೇಗೆ ಆಫ್ ಮಾಡಬೇಕು ಅಂತ ಮನೆಯ ಪ್ರತಿಯೊಬ್ಬರಿಗೂ ತೋರಿಸಿ. ಸ್ವಿಚ್ ಇರುವ ಜಾಗಕ್ಕೆ ಆಗಲೇ ನೀರು ಬಂದಿದ್ದರೆ ಮುಟ್ಟಲು ಹೋಗಬೇಡಿ, 1912ಕ್ಕೆ ಹೇಳಿ ಲೈನನ್ನೇ ಆಫ್ ಮಾಡಿಸಿ.

9. ಒಂದು ಸಲ ಮಾಡಿ ನೋಡಿ

ಇದಕ್ಕೆ ಅಣಕು ಕಾರ್ಯಾಚರಣೆ ಅನ್ನುತ್ತಾರೆ. ನಿಜವಾದ ಅಪಾಯ ಬಂದಿದೆ ಅಂದುಕೊಂಡು ಮಾಡುವ ಅಭ್ಯಾಸ. ಭಾನುವಾರ ಬೆಳಿಗ್ಗೆ ಗಂಟೆ ಬಾರಿಸಿ. ಅಜ್ಜಿಯನ್ನು ನಿಜವಾಗಿಯೂ ಕುರ್ಚಿಯಲ್ಲಿ ಕೂರಿಸಿ ಎತ್ತಿ, ಅವರು ಒಪ್ಪಿದರೆ. ಮೆಟ್ಟಿಲಲ್ಲಿ ಕುರ್ಚಿ ತಿರುಗಲ್ಲ ಅನ್ನುವುದು ಆಗಲೇ ಗೊತ್ತಾಗುವುದು. ಗಟ್ಟಿ ದುಪ್ಪಟಿಯಲ್ಲಿ ನಾಲ್ಕು ಜನ ಹಿಡಿದು ಇಳಿಸುವುದನ್ನು ಕಲಿಯಿರಿ. ಹತ್ತಿರದ ಅಗ್ನಿಶಾಮಕ ಠಾಣೆಗೆ ಪತ್ರ ಕೊಟ್ಟು ಬೆಂಕಿ ಆರಿಸುವ ತರಬೇತಿ ಕೇಳಿ. ಬೀದಿಯ ಹುಡುಗರಿಗೆ ಆಪದ ಮಿತ್ರ ಸ್ವಯಂಸೇವಕರ ತರಬೇತಿ ಅಥವಾ ಗೃಹರಕ್ಷಕ ದಳದ ಬಗ್ಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಲು ಹೇಳಿ.

10. ನೀರು ಇಳಿದ ಮೇಲೆ

ಎಲ್ಲರೂ ಮೊದಲು ಪೊರಕೆ ಹಿಡಿಯುತ್ತಾರೆ. ಒಂದು ನಿಮಿಷ ನಿಲ್ಲಿ, ಮೊದಲು ಫೋಟೊ ತೆಗೆಯಿರಿ. ಗೋಡೆ ಮೇಲಿನ ನೀರಿನ ಗುರುತು, ಬಿರುಕು, ಹಾಳಾದ ಸಾಮಾನು ಎಲ್ಲ ದಿನಾಂಕ ಬರುವ ಹಾಗೆ. ತೊಳೆದ ಮನೆಯನ್ನು ತೋರಿಸಿ ನಷ್ಟ ಆಗಿದೆ ಅಂದರೆ ಪಂಚನಾಮೆಗೆ ಬಂದವರು ಏನು ಬರೆಯಬೇಕು? ಪಂಚನಾಮೆ ಅಂದರೆ ಸ್ಥಳಕ್ಕೆ ಬಂದು ನೋಡಿ ಸಾಕ್ಷಿಗಳ ಮುಂದೆ ಬರೆಯುವ ವರದಿ. ಅರ್ಜಿಯನ್ನು ತಹಶೀಲ್ದಾರ್ ಕಚೇರಿಗೂ ಪಾಲಿಕೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಜೀವಹಾನಿ ಆಗಿದ್ದರೆ ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಕುಟುಂಬಕ್ಕೆ 4 ಲಕ್ಷ ರೂಪಾಯಿ ಇದೆ. ಇದಕ್ಕೆ ಮರಣೋತ್ತರ ಪರೀಕ್ಷೆಯ ವರದಿ ಬೇಕು. ದುಃಖದಲ್ಲಿ "ಬೇಡ ಬಿಡಿ, ಕೊಯ್ಯೋದು ಬೇಡ" ಅನ್ನುವವರು ಇದ್ದಾರೆ, ಅವರ ಸಂಕಟ ಅರ್ಥವಾಗುತ್ತದೆ. ಪಕ್ಕದಲ್ಲಿರುವವರು ಮೆತ್ತಗೆ ತಿಳಿಸಿ ಹೇಳಬೇಕು. ಸಿಡಿಲಿನ ಸಾವಿನಲ್ಲಂತೂ ಈ ವರದಿ ಇಲ್ಲದೆ ಕಡತ ಮುಂದೆ ಹೋಗುವುದಿಲ್ಲ.

ಸಂಪಿಗೆ ಹೊರಗಿನ ನೀರು ಸೇರಿದ್ದರೆ ಅದು ಚರಂಡಿ ನೀರೇ ಅಂತ ತಿಳಿಯಿರಿ. ಪೂರ್ತಿ ಖಾಲಿ ಮಾಡಿ, ಉಜ್ಜಿ ತೊಳೆದು, ಬ್ಲೀಚಿಂಗ್ ಪುಡಿ ಹಾಕಿ ಮತ್ತೆ ತೊಳೆದ ಮೇಲೇ ಹೊಸ ನೀರು ಬಿಡಿ. ಒಂದೆರಡು ವಾರ ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ.

11. ಹಾಳೆಯನ್ನು ಎಲ್ಲಿಡಬೇಕು, ಯಾವಾಗ ತಿದ್ದಬೇಕು

ನಕ್ಷೆ, ನಂಬರ್, ಕೀ ಇರುವ ಜಾಗ ಇರುವ ಪುಟವನ್ನು ಲ್ಯಾಮಿನೇಶನ್ ಮಾಡಿಸಿ ಬೀದಿಯ ಕಿರಾಣಿ ಅಂಗಡಿಯಲ್ಲಿ ತೂಗುಹಾಕಿ. ಜನರ ಹೆಸರಿರುವ ಪುಟ ಅಲ್ಲಿ ಬೇಡ, ಹೊಣೆಗಾರರ ಮನೆಯಲ್ಲಿರಲಿ. ಒಂದು ಪ್ರತಿಯನ್ನು ವಾರ್ಡಿನ ನೋಡಲ್ ಅಧಿಕಾರಿಗೆ ಕೊಡಿ, ಜೊತೆಗೆ ಒಡೆದ ಚಪ್ಪಡಿ, ಕಟ್ಟಿದ ಮೋರಿಗಳ ಪಟ್ಟಿ ಇಟ್ಟು ಮಳೆಗಾಲಕ್ಕೆ ಮುಂಚೆ ಸರಿಪಡಿಸಿ ಅಂತ ಬರೆದುಕೊಡಿ. ಬಾಯಿಮಾತಿನ ದೂರಿಗಿಂತ ಅಳತೆ ಸಮೇತ ಕೊಟ್ಟ ನಕ್ಷೆಗೆ ಎಂಜಿನಿಯರುಗಳು ಬೇಗ ಸ್ಪಂದಿಸುತ್ತಾರೆ, ಅವರ ಅರ್ಧ ಕೆಲಸ ನೀವೇ ಮಾಡಿಕೊಟ್ಟಿರುತ್ತೀರಿ.

ತಿದ್ದುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್ ಕೊನೆಯ ಭಾನುವಾರ, ಆಗಸ್ಟ್ ಕೊನೆಯ ಭಾನುವಾರ. ಬಾಡಿಗೆಯವರು ಬದಲಾಗಿರುತ್ತಾರೆ, ಮೇಷ್ಟ್ರಿಗೆ ವರ್ಗ ಆಗಿರುತ್ತದೆ. ಕೀ ಈಗ ಯಾರ ಹತ್ತಿರ ಇದೆ ಅನ್ನುವುದನ್ನು ಮೊದಲು ಕೇಳಿ.